ಹೆಸರಿಗೆ ಒಂದೇ ಪದದ ಅರ್ಥ ಬರೆದು ಕೈ ತೊಳ್ಕೋಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಬೈಬಲ್ ಹೆಸರುಗಳ ಅರ್ಥ ಅಂತ ಒಂದು ಬಾಕ್ಸ್ ಹಾಕಿದ್ರಿ. ಎಡಗಡೆ ಹೆಸರು, ಬಲಗಡೆ ಅರ್ಥ, ಮಧ್ಯೆ ಒಂದು ಗೆರೆ. ಯಾಕೋಬ ಅಂದ್ರೆ ಮೋಸಗಾರ, ಮೋಶೆ ಅಂದ್ರೆ ನೀರಿನಿಂದ ಎತ್ತಲ್ಪಟ್ಟವನು, ಸಮುವೇಲ ಅಂದ್ರೆ ದೇವರನ್ನ ಬೇಡಿ ಪಡೆದವನು, ಯಾಯೇಲ ಅಂದ್ರೆ ದೇವರ ಬಲ. ಹೀಗೆ ಸುಮಾರು ಇಪ್ಪತ್ತು ಹೆಸರು. ಓದಿ ಪೇಪರ್ ಮಡಚಿಟ್ಟೆ, ಆದ್ರೂ ಸಮಾಧಾನ ಆಗ್ಲಿಲ್ಲ, ಮತ್ತೆ ತೆಗ್ದು ಪೆನ್ಸಿಲ್ ಹಿಡ್ಕೊಂಡು ಕೂತೆ. ಇಪ್ಪತ್ತರಲ್ಲಿ ಪೂರ್ತಿ ತಪ್ಪು ಅನ್ನೋದು ಎರಡೋ ಮೂರೋ ಅಷ್ಟೇ. ಆದ್ರೆ ಉಳಿದವು ಪೂರ್ತಿ ಸರಿನೂ ಅಲ್ಲ, ಅದೇ ನನ್ನ ತಕರಾರು.

ನಾನು ಪಂಡಿತ ಅಲ್ಲ ಸಾರ್. ಹೀಬ್ರೂ ಅಕ್ಷರ ಕಲ್ತು, ನಿಘಂಟು ಪಕ್ಕದಲ್ಲಿಟ್ಕೊಂಡು, ಒಂದೊಂದು ಸಾಲಿಗೆ ಅರ್ಧ ಗಂಟೆ ತಗೊಂಡು ಓದೋ ಮನುಷ್ಯ. ಹಂಗೆ ನಿಧಾನಕ್ಕೆ ಓದೋದ್ರಲ್ಲಿ ಒಂದು ಲಾಭ ಇದೆ, ಕನ್ನಡದಲ್ಲೋ ಇಂಗ್ಲಿಷಲ್ಲೋ ಸರ್ರಂತ ದಾಟಿ ಹೋಗೋ ಹೆಸರುಗಳು ಅಲ್ಲಿ ಕಾಲಿಗೆ ತೊಡರ್ತವೆ. ಯಾಕಂದ್ರೆ ಹೀಬ್ರೂ ಓದೋನಿಗೆ ಅವು ಬರೀ ಹೆಸರಲ್ಲ, ಮಾತು. ಎಷ್ಟೋ ಹೆಸರು ಪೂರ್ತಿ ಒಂದು ವಾಕ್ಯನೇ. ವಾಕ್ಯಕ್ಕೆ ಒಂದು ಪದದಲ್ಲಿ ಅರ್ಥ ಬರೀತೀನಿ ಅಂದ್ರೆ ಹೆಂಗೆ?

ಯಾಕೋಬನಿಂದಲೇ ಶುರು ಮಾಡ್ತೀನಿ, ಅದೇ ನಂಗೆ ಜಾಸ್ತಿ ಸಿಟ್ಟು ತರಿಸಿದ್ದು. ಯಾವ ತಾಯಿ ತಂದೆ ಮಗೂಗೆ ಮೋಸಗಾರ ಅಂತ ಹೆಸರಿಡ್ತಾರೆ ಹೇಳಿ? ಆದಿಕಾಂಡ 25ನೇ ಅಧ್ಯಾಯದಲ್ಲಿ ಅವಳಿ ಮಕ್ಕಳು ಹುಟ್ತಾರೆ, ಮೊದ್ಲು ಏಸಾವ ಬರ್ತಾನೆ, ಅವನ ಹಿಮ್ಮಡಿ ಹಿಡ್ಕೊಂಡೇ ತಮ್ಮ ಬರ್ತಾನೆ. ಹಿಮ್ಮಡಿಗೆ ಹೀಬ್ರೂಲಿ ಆಕೇವ್. ಅದಕ್ಕೇ ಯಾಕೋವ್. ಅಲ್ಲಿಗೆ ಅದು ಬರೀ ತಮಾಷೆ, ಮನೆಲಿ ಮಗು ಹುಟ್ಟಿದಾಗ ಆಡೋ ಮಾತು. ಎರಡು ಅಧ್ಯಾಯ ಆದ್ಮೇಲೆ, ಅಪ್ಪನ ಆಶೀರ್ವಾದ ತಮ್ಮ ಹೊಡ್ಕೊಂಡು ಹೋದ ಅಂತ ಗೊತ್ತಾದಾಗ ಏಸಾವ ಕಿರುಚ್ತಾನೆ, ಇವನಿಗೆ ಯಾಕೋಬ ಅಂತ ಹೆಸರಿಟ್ಟಿದ್ದು ಸರಿಯಾಗೇ ಇದೆ, ಎರಡು ಸಲ ನನ್ನ ಹಿಂಗೆ ಮಾಡ್ದ ಅಂತ. ಆ "ಹಿಂಗೆ ಮಾಡ್ದ" ಅನ್ನೋದು ಅದೇ ಹಿಮ್ಮಡಿಯ ಧಾತುವಿಂದ ಬಂದ ಕ್ರಿಯಾಪದ. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತೇ ಇದೆ, ಕಾಲೆಳೆಯೋದು. ಹುಟ್ಟುವಾಗ ಕಾಲು ಹಿಡಿದವನು, ಬೆಳೆದ ಮೇಲೆ ಕಾಲೆಳೆದ. ಅಷ್ಟೇ ಅಲ್ಲ, ಏಸಾವ ಅದೇ ಉಸಿರಲ್ಲಿ ಇನ್ನೊಂದು ಶ್ಲೇಷೆ ಮಾಡ್ತಾನೆ, ನನ್ನ ಬೆಖೋರಾ ತಗೊಂಡ ಈಗ ನನ್ನ ಬೆರಾಖಾನೂ ತಗೊಂಡ. ಚೊಚ್ಚಲ ಮಗನ ಹಕ್ಕು ಬೆಖೋರಾ, ಆಶೀರ್ವಾದ ಬೆರಾಖಾ, ಎರಡು ಅಕ್ಷರ ಹಿಂದೆ ಮುಂದೆ ಆಗಿದ್ದು ಅಷ್ಟೇ. ಅಳ್ತಾ ಅಳ್ತಾ ಇಷ್ಟು ಚೆನ್ನಾಗಿ ಮಾತಾಡೋನನ್ನ ನಾವು ಒರಟು ಬೇಟೆಗಾರ ಅಂತ ತಳ್ಳಿಹಾಕ್ತೀವಿ ನೋಡಿ.

ಅಂದ್ರೆ "ಮೋಸಗಾರ" ಅನ್ನೋದು ಸಿಟ್ಟಲ್ಲಿರೋ ಅಣ್ಣ ಬೈದ ಬೈಗುಳ. ಅದನ್ನ ತಗೊಂಡು ನೀವು ನಿಘಂಟಿನ ಅರ್ಥ ಮಾಡಿಬಿಟ್ರಿ. ಹೆಸರಿನ ಮೂಲ ನೋಡಿದ್ರೆ ಬೇರೆನೇ ಕಾಣುತ್ತೆ. ಕ್ರಿ.ಪೂ. 2ನೇ ಸಹಸ್ರಮಾನದ ಮೆಸೊಪೊಟೇಮಿಯಾದ ಮಣ್ಣಿನ ಹಲಗೆಗಳಲ್ಲಿ ಯಾಕೂಬ್-ಏಲ್ (ಏಲ್ ಅಂದ್ರೆ ದೇವರು) ತರದ ಹೆಸರುಗಳು ಸಿಕ್ಕಿವೆ, ಈಜಿಪ್ಟಲ್ಲಿ ಯಾಕೂಬ್-ಹರ್ ಅನ್ನೋ ದೊರೆಯ ಹೆಸರಿರೋ ಮುದ್ರೆಗಳೂ ಇವೆ. ಅಂಥ ಹೆಸರಿಗೆ ದೇವರು ಕಾಪಾಡಲಿ, ದೇವರು ಬೆನ್ನಿಗಿರಲಿ ಅನ್ನೋ ಅರ್ಥ ಅಂತ ಬಹಳಷ್ಟು ವಿದ್ವಾಂಸರು ಹೇಳ್ತಾರೆ. ದೇವರ ಹೆಸರಿನ ಭಾಗ ಉದುರಿ ಬರೀ ಯಾಕೋವ್ ಉಳ್ಕೊಂಡಿದೆ. ಹಾರೈಕೆಯ ಹೆಸರು ಅದು. ಅದರ ಮೇಲೆ ಕಥೆ ಹೇಳೋನು ಹಿಮ್ಮಡಿ ಕಟ್ಟಿದ, ಹಿಮ್ಮಡಿ ಮೇಲೆ ಏಸಾವ ಬೈಗುಳ ಕಟ್ಟಿದ. ಮೂರು ಪದರ. ನಿಮ್ಮ ಬಾಕ್ಸಲ್ಲಿ ಬಂದಿದ್ದು ಮೇಲಿನ ಪದರ ಮಾತ್ರ.

ಸಮುವೇಲಂದು ಇನ್ನೂ ಮಜಾ ಇದೆ, ದಯವಿಟ್ಟು ನಿಮ್ಮ ಉಪಸಂಪಾದಕರು ಇದನ್ನ ಬೈಬಲ್ ತೆಗೆದಿಟ್ಕೊಂಡೇ ನೋಡ್ಲಿ. 1 ಸಮುವೇಲ ಮೊದಲ ಅಧ್ಯಾಯ. ಹನ್ನಳಿಗೆ ಮಕ್ಕಳಿಲ್ಲ, ಅತ್ತು ಬೇಡ್ಕೋತಾಳೆ, ಮಗ ಹುಟ್ತಾನೆ, 20ನೇ ವಚನದಲ್ಲಿ ಯೆಹೋವನಿಂದ ಕೇಳಿ ಪಡೆದೆ ಅಂತ ಹೇಳಿ ಶೆಮೂಎಲ್ ಅಂತ ಹೆಸರಿಡ್ತಾಳೆ. ಕೇಳೋದಕ್ಕೆ ಹೀಬ್ರೂ ಧಾತು ಶೀನ್, ಆಲೆಫ್, ಲಾಮೆದ್, ಈ ಮೂರು ಅಕ್ಷರ. ಶೆಮೂಎಲ್‌ಲಿ ಈ ಮೂರೂ ಇವೆ ನಿಜ, ಆದ್ರೆ ಮಧ್ಯೆ ಒಂದು ಮೇಮ್ ಬಂದು ಕೂತಿದೆ, ಆ ಮೇಮ್‌ಗೆ ಅಲ್ಲಿ ಕೆಲಸವೇ ಇಲ್ಲ. ವ್ಯಾಕರಣದ ಪ್ರಕಾರ ಶೆಮೂಎಲ್ ಅಂದ್ರೆ "ದೇವರ ಹೆಸರು" ಅಥ್ವಾ "ಅವನ ಹೆಸರು ಏಲ್" ಅನ್ನೋ ತರ ಬರುತ್ತೆ. ಕೇಳಿ ಪಡೆದವನು ಅನ್ನೋ ಅರ್ಥ ಅಚ್ಚುಕಟ್ಟಾಗಿ ಹೊಂದೋ ಹೆಸರು ಬೇರೆ ಇದೆ, ಶಾಊಲ್. ನಮ್ಮ ಕನ್ನಡ ಬೈಬಲ್ಲಿನ ಸೌಲ! ಇಸ್ರಾಯೇಲಿನ ಮೊದಲ ಅರಸ, ಮುಂದೆ ಇದೇ ಸಮುವೇಲನೇ ಎಣ್ಣೆ ಹೊಯ್ದು ಅಭಿಷೇಕ ಮಾಡಿ, ಇದೇ ಸಮುವೇಲನೇ ತಿರಸ್ಕರಿಸೋ ಆ ಸೌಲ.

ಇದು ಕಾಕತಾಳೀಯ ಅಂತೀರಾ? 28ನೇ ವಚನಕ್ಕೆ ಬನ್ನಿ. ಹಾಲು ಬಿಡಿಸಿದ ಮಗುನ ಕರ್ಕೊಂಡು ಹೋಗಿ ಹನ್ನ ಯಾಜಕ ಏಲಿ ಮುಂದೆ ನಿಲ್ಸಿ ಹೇಳ್ತಾಳೆ, ಇವನು ಯೆಹೋವನಿಗೇ ಒಪ್ಪಿಸಲ್ಪಟ್ಟವನು ಅಂತ. ಅನುವಾದದಲ್ಲಿ ಹೀಗೆ ತಣ್ಣಗೆ ಓದಿಸ್ಕೊಂಡು ಹೋಗುತ್ತೆ. ಹೀಬ್ರೂಲಿ ಅಲ್ಲಿರೋದು "ಹೂ ಶಾಊಲ್". ಇವನು ಶಾಊಲ್. ಅಕ್ಷರಕ್ಕೆ ಅಕ್ಷರ ಅರಸನ ಹೆಸರೇ. ಮೊದಲ ಸಲ ನಾನು ಈ ಸಾಲು ಓದಿದಾಗ ತಪ್ಪಾಗಿ ಓದಿದ್ನೇನೋ ಅಂತ ಬೆರಳಿಟ್ಟು ಇನ್ನೊಂದು ಸಲ ಓದಿದೆ. ಈ ಹುಟ್ಟಿದ ಕಥೆ ಮೊದ್ಲು ಸೌಲಂದೇ ಇತ್ತು, ಆಮೇಲೆ ಸಮುವೇಲನಿಗೆ ಬಂತು ಅಂತ ಕೆಲವು ವಿದ್ವಾಂಸರು ವಾದ ಮಾಡ್ತಾರೆ. ನಂಗೆ ಹಾಗನ್ಸಲ್ಲ, ಬರೆದವನು ಬೇಕಂತಲೇ ಹಾಗೆ ಮಾಡಿದ್ದಾನೆ ಅನ್ಸುತ್ತೆ. ಜನ ಮುಂದೆ ಅರಸ ಬೇಕು ಅಂತ ಕೇಳ್ತಾರೆ, ಅಲ್ಲೂ ಅದೇ ಧಾತು. ಹನ್ನ ಕೇಳಿದ್ದಕ್ಕೆ ಸಿಕ್ಕಿದ್ದು ಯಾರು, ಜನ ಕೇಳಿದ್ದಕ್ಕೆ ಸಿಕ್ಕಿದ್ದು ಯಾರು ಅನ್ನೋದೇ ಆ ಪುಸ್ತಕದ ಅರ್ಧ ಕಥೆ. ಅದೆಲ್ಲಾ ಬಿಟ್ಟು "ಬೇಡಿ ಪಡೆದವನು" ಅಂತ ಗೆರೆ ಹಾಕಿ ಮುಗಿಸಿದ್ರೆ ನೀವು ಓದುಗನಿಗೆ ಸಿಪ್ಪೆ ಕೊಟ್ಟು ಹಣ್ಣು ಬಿಸಾಕ್ದಂಗೆ.

ಮೋಶೆ ವಿಷಯಕ್ಕೆ ಬರೋಣ. ವಿಮೋಚನಕಾಂಡ 2:10ರಲ್ಲಿ ಫರೋಹನ ಮಗಳು, ನೀರಿಂದ ಎತ್ತಿದೆ ಅಂತ ಹೇಳಿ ಮೋಶೆ ಅಂತ ಹೆಸರಿಟ್ಟಳು ಅಂತಿದೆ. ಎತ್ತೋದು ಅಂದ್ರೆ ಮಾಶಾ, ಇಡೀ ಹೀಬ್ರೂ ಬೈಬಲ್ಲಲ್ಲಿ ಅಪರೂಪದ ಕ್ರಿಯಾಪದ ಇದು, ಇಲ್ಲಿ ಬಿಟ್ರೆ ದಾವೀದನ ಒಂದು ಹಾಡಲ್ಲಿ ಬರುತ್ತೆ (ಅದೇ ಹಾಡು 2 ಸಮುವೇಲ 22ರಲ್ಲೂ ಇದೆ, ಕೀರ್ತನೆ 18ರಲ್ಲೂ ಇದೆ). ಈಗ ಎರಡು ತೊಡಕು. ಒಂದು, ಮೋಶೆ ಅನ್ನೋ ರೂಪ ಹೀಬ್ರೂ ವ್ಯಾಕರಣದಲ್ಲಿ ಎತ್ತೋನು ಅಂತಾಗುತ್ತೆ, ಎತ್ತಲ್ಪಟ್ಟವನು ಅಂತಲ್ಲ. ಎರಡನೇದು ಯಾರಿಗಾದ್ರೂ ಹೊಳೀಬೇಕಾದ್ದು, ಈಜಿಪ್ಟಿನ ರಾಜಕುಮಾರಿ ಗುಲಾಮರ ಭಾಷೆಲಿ ಯಾಕೆ ಶ್ಲೇಷೆ ಮಾಡ್ತಾ ಕೂರ್ತಾಳೆ? ಅವಳ ಭಾಷೆಲೇ ಆ ಸದ್ದಿನ ಪದ ಇತ್ತು, ಹುಟ್ಟಿದವನು, ಮಗು ಅನ್ನೋ ಅರ್ಥದ್ದು. ಥುಟ್ಮೋಸ್ ಅನ್ನೋ ಫರೋಹರ ಹೆಸರಿನ ಬಾಲದಲ್ಲಿ ಇರೋದೂ ಅದೇ, ರಾಮ್ಸೆಸ್‌ಲಿ ಇರೋದೂ ಅದೇ. ಥೋತ್ ದೇವರು ಹುಟ್ಟಿದ, ರಾ ದೇವರು ಹುಟ್ಟಿಸಿದ. ಆ ಹೆಸರುಗಳ ಮುಂದಿನ ದೇವರನ್ನ ಕಿತ್ತು ಹಾಕಿದ್ರೆ ಉಳಿಯೋದು ಹೆಚ್ಚು ಕಡಿಮೆ ಮೋಶೆ. ಈಜಿಪ್ಟಿನ ಹೆಸರನ್ನ ತಗೊಂಡು, ಅದಕ್ಕೆ ಹೀಬ್ರೂ ಕಿವಿ ಕೊಟ್ಟು, ನೀರಿಂದ ಬಂದೋನೇ ಮುಂದೆ ಜನರನ್ನ ನೀರಿಂದ ಎತ್ತಿ ದಾಟಿಸೋನು ಅಂತ ಮಾಡಿದ್ದಾರೆ. ಈಗ ಎತ್ತೋನು ಅನ್ನೋ ವ್ಯಾಕರಣನೂ ಸರಿಯಾಗಿ ಕೂರ್ತು ನೋಡಿ.

ಇಂಥದ್ದು ಬೇಕಾದಷ್ಟಿದೆ. ನೋಹನ ಹೆಸರು ವಿಶ್ರಾಂತಿಯ ಧಾತುವಿಂದ ಬಂದ್ರೆ ಅಪ್ಪ ಕೊಡೋ ವಿವರಣೆ ಸಮಾಧಾನದ ಧಾತುವಿಂದ. ರೂಬೇನ ಅಂದ್ರೆ ಯಾರು ಕೇಳಿದ್ರೂ "ನೋಡಿ, ಮಗ!" ಅಂತಲೇ ಕೇಳಿಸುತ್ತೆ, ಆದ್ರೆ ಅವನ ತಾಯಿ, ಯಾಕೋಬನ ಹೆಂಡ್ತಿ ಲೇಯ ಹೇಳೋದು ಯೆಹೋವ ನನ್ನ ಕಷ್ಟ ನೋಡಿದ ಅಂತ. ಗಂಡನಿಗೆ ಬೇಡವಾದ ಹೆಂಗಸು ಆಕೆ, ಒಂದೊಂದು ಮಗ ಹುಟ್ಟಿದಾಗಲೂ ಹೆಸರಲ್ಲೇ ಗಂಡನಿಗೆ ಮಾತು ಮುಟ್ಟಿಸ್ತಾಳೆ. ದೇವರು ಕೇಳಿದ ಅಂತ ಸಿಮೆಯೋನ, ಈಗಲಾದ್ರೂ ಗಂಡ ನನ್ನ ಜೊತೆ ಸೇರ್ತಾನೆ ಅಂತ ಲೇವಿ. ನಾಲ್ಕನೇ ಮಗನಿಗೆ ಬರೋ ಹೊತ್ತಿಗೆ ಗಂಡನ ಸುದ್ದಿನೇ ಇಲ್ಲ, ಈ ಸಲ ಯೆಹೋವನನ್ನ ಸ್ತುತಿಸ್ತೀನಿ ಅಂತ ಯೆಹೂದ. ಈ ನಾಲ್ಕು ಹೆಸರನ್ನ ಸಾಲಾಗಿ ಓದಿದ್ರೆ ಒಂದು ಸಂಸಾರದ ಕಥೆ, ಬಿಡಿಬಿಡಿಯಾಗಿ ಪಟ್ಟಿ ಮಾಡಿದ್ರೆ ಬರೀ ಪದ.

ಸರಿ, ಕಥೆ ಬಿಟ್ಟು ಮೂಲ ನೋಡೋಣ. ಬೈಬಲ್ ಹೆಸರುಗಳಲ್ಲಿ ದೊಡ್ಡ ಪಾಲು ದೇವರ ಹೆಸರು ಸೇರಿಸಿ ಕಟ್ಟಿದ ಪುಟ್ಟ ವಾಕ್ಯಗಳು. ಒಂದೋ ಏಲ್ ಇರುತ್ತೆ, ಇಲ್ಲಾ ಯೆಹೋವ ಅನ್ನೋ ಹೆಸರಿನ ತುಂಡುಗಳಾದ ಯಾಹು, ಯಾ, ಯೆಹೋ, ಯೋ ಇರುತ್ತೆ. ಯೋನಾತಾನ, ಯೆಹೋವ ಕೊಟ್ಟ. ಇಷ್ಮಾಯೇಲ, ದೇವರು ಕೇಳ್ತಾನೆ. ಎಲೀಯ ಅಂತೂ ಎರಡನ್ನೂ ಸೇರಿಸಿದ ಹೆಸರು, ನನ್ನ ದೇವರು ಯಾಹು, ಬಾಳ್ ಅನ್ನೋ ಬೇರೆ ದೇವರ ಪ್ರವಾದಿಗಳ ಎದುರು ನಿಂತೋನಿಗೆ ಇದಕ್ಕಿಂತ ಸರಿಯಾದ ಹೆಸರು ಬೇಕಾ. ಕನ್ನಡ ಓದುಗರಿಗೆ ಇಲ್ಲೊಂದು ವಿಷಯ ಹೇಳ್ಬೇಕು, ನಮ್ಮ ಬೈಬಲ್ಲಲ್ಲಿ ಯೆಶಾಯ, ಯೆರೆಮೀಯ, ಹಿಜ್ಕೀಯ, ಚಿದ್ಕೀಯ ಅಂತ ಬರುತ್ತಲ್ಲ, ಆ ಕೊನೇ "ಯ" ಇದ್ಯಲ್ಲ, ಅದೇ ದೇವರ ಹೆಸರು. ಯೆಶಯಾಹು, ಯಿರ್ಮೆಯಾಹು, ಹಿಜ್ಕಿಯಾಹು ಅಂತ ಇದ್ದಿದ್ದು ಗ್ರೀಕು ಅದು ಇದು ದಾಟಿ ಬರೋಷ್ಟರಲ್ಲಿ ಸವೆದು ಒಂದು ಯಕಾರಕ್ಕೆ ಬಂದು ನಿಂತಿದೆ. ದೇವರ ಹೆಸರನ್ನ ಬಾಯಲ್ಲಿ ಹೇಳ್ಬಾರದು ಅಂತ ಯೆಹೂದಿಗಳು ಅದರ ಬದ್ಲು ಅದೋನಾಯ್ ಅಂತ ಓದೋ ಪದ್ಧತಿ ಬಂದು ಮೂಲ ಉಚ್ಚಾರ ಮರೆತೇ ಹೋಯ್ತು, ಆದ್ರೆ ಜನರ ಹೆಸರಿನ ಬಾಲದಲ್ಲಿ ಅದರ ಒಂದು ತುಣುಕು ಹಾಗೇ ಉಳ್ಕೊಂಡಿದೆ.

ಆದ್ರೆ ಯ ಕಂಡ ಕಡೆಯೆಲ್ಲಾ ಕೈ ಮುಗೀಬೇಡಿ. ಹೋಶೇಯನ ಯ ದೇವರಲ್ಲ, ಕನ್ನಡ ಅನುವಾದಕರು ಉಚ್ಚಾರಕ್ಕೆ ಹಾಕಿದ್ದು, ಮೂಲದಲ್ಲಿ ಅದು ಹೋಶೇಅ, ಬರೀ ರಕ್ಷಣೆ. ಲೇಯಳ ಯನೂ ಅಲ್ಲ. ಹಾಗೇನೇ ಏಲ ಅಂತ ಮುಗಿದ್ರೆಲ್ಲಾ ದೇವರಲ್ಲ, ಇಲ್ಲೇ ನಿಮ್ಮ ಬಾಕ್ಸ್ ಎಡವಿದ್ದು. ಯಾಯೇಲ ಅಂದ್ರೆ ದೇವರ ಬಲ ಅಲ್ಲ ಸ್ವಾಮಿ, ಕಾಡುಮೇಕೆ. ಶತ್ರು ಸೇನಾಪತಿ ಸೀಸೆರನ ಕಣತಲೆಗೆ ಗೂಟ ಹೊಡೆದ ಆ ಹೆಣ್ಣಿನ ಹೆಸರು ಬೆಟ್ಟದ ಮೇಲಿನ ಮೇಕೆ. ಅಲ್ಲಿ ಏಲ್ ತರ ಕೇಳ್ಸೋದು ಆಯಿನ್ ಅಕ್ಷರದ್ದು, ದೇವರ ಏಲ್ ಆಲೆಫಿಂದು, ಕನ್ನಡ ಲಿಪಿಲಿ ಈ ಎರಡಕ್ಕೂ ವ್ಯತ್ಯಾಸವೇ ಇಲ್ಲದ ಕಾರಣ ಕಣ್ಣಿಗೆ ಒಂದೇ ತರ ಕಾಣುತ್ತೆ. ರಾಹೇಲ ಅಂದ್ರೆ ಹೆಣ್ಣು ಕುರಿ, ಅಲ್ಲೂ ದೇವರಿಲ್ಲ. ಹೇಬೆಲನಲ್ಲೂ ಇಲ್ಲ, ಅವನಿಗೆ ಆಮೇಲೆ ಬರ್ತೀನಿ.

ಪ್ರಾಣಿ ಹೆಸರು ಅಂದ ತಕ್ಷಣ ನೆನಪಾಯ್ತು, ದೆಬೋರ ಜೇನುಹುಳ, ಯೋನ ಪಾರಿವಾಳ, ಚಿಪ್ಪೋರ ಹಕ್ಕಿ. ಇವೆಲ್ಲಾ ಮುದ್ದಾಗಿವೆ. ನಂಗಿಷ್ಟ ಆಗೋದು ಮಾತ್ರ 2 ಅರಸುಗಳು 22:14. ಯೋಷೀಯ ಅರಸನ ಕಾಲ, ಕ್ರಿ.ಪೂ. 622ರ ಸುಮಾರು, ದೇವಾಲಯದಲ್ಲಿ ಧರ್ಮೋಪದೇಶದ ಗ್ರಂಥ ಸಿಕ್ಕಿದೆ, ಅರಸ ಬಟ್ಟೆ ಹರ್ಕೊಂಡಿದ್ದಾನೆ, ಗಂಭೀರ ಸನ್ನಿವೇಶ. ದೇವರನ್ನ ವಿಚಾರಿಸಿ ಬನ್ನಿ ಅಂತ ಒಂದು ನಿಯೋಗ ಕಳಿಸ್ತಾನೆ. ಆ ನಿಯೋಗದಲ್ಲಿ ಯಾಜಕ ಹಿಲ್ಕೀಯನ ಜೊತೆ ಅಕ್ಬೋರ ಇದ್ದಾನೆ, ಅಂದ್ರೆ ಇಲಿ. ಶಾಫಾನ ಇದ್ದಾನೆ, ಅಂದ್ರೆ ಬಂಡೆ ಸಂದಿಲಿ ವಾಸ ಮಾಡೋ ಮೊಲದಂಥ ಒಂದು ಸಣ್ಣ ಪ್ರಾಣಿ. ಇವರೆಲ್ಲಾ ಹೋಗಿ ನಿಲ್ಲೋದು ಪ್ರವಾದಿನಿ ಹುಲ್ದಳ ಮುಂದೆ, ಅವಳ ಹೆಸರು ಇಲಿ ಹಿಡಿಯೋ ವೀಸೆಲ್ ಜಾತಿಯ ಪ್ರಾಣಿದು ಅಂತಾರೆ. ರಾಜ್ಯದ ಹಣೆಬರಹ ಕೇಳೋಕೆ ಇಲಿ ವೀಸೆಲ್ ಹತ್ರ ಹೋಯ್ತು! ಬರೆದವನಿಗೆ ಇದು ಗೊತ್ತಿತ್ತೋ ಇಲ್ವೋ, ಆ ಕಾಲದವರಿಗೆ ಇವು ಮಾಮೂಲಿ ಹೆಸರಾಗಿದ್ವು ಅಂತ ಕಾಣುತ್ತೆ.

ಆ ಶಾಫಾನನ ಮನೆಯವರದ್ದೇ ಇರಬಹುದಾದ ಒಂದು ವಸ್ತು ಮಣ್ಣಲ್ಲಿ ಸಿಕ್ಕಿದೆ ಗೊತ್ತಾ. 1982ರಲ್ಲಿ ಯೆರೂಸಲೇಮಿನ ದಾವೀದನಗರ ಅನ್ನೋ ಭಾಗದಲ್ಲಿ ಅಗೆಯುವಾಗ ಸುಟ್ಟ ಮನೆಯೊಂದರಲ್ಲಿ ಸುಮಾರು 50 ಮಣ್ಣಿನ ಮುದ್ರೆಗಳು ಸಿಕ್ವು. ಆಗ ಪತ್ರ ಬರೆದು ಸುರುಳಿ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣಿನ ಉಂಡೆ ಅಂಟಿಸಿ ಮುದ್ರೆ ಒತ್ತೋರು. ಬಾಬಿಲೋನಿನವರು ಕ್ರಿ.ಪೂ. 586ರ ಸುಮಾರಿಗೆ ಊರಿಗೆ ಬೆಂಕಿ ಇಟ್ಟಾಗ ಪತ್ರಗಳೆಲ್ಲಾ ಬೂದಿಯಾದ್ವು, ಅದೇ ಬೆಂಕಿಲಿ ಮಣ್ಣಿನ ಉಂಡೆಗಳು ಇಟ್ಟಿಗೆ ತರ ಬೆಂದು ಗಟ್ಟಿಯಾಗಿ ಉಳಿದ್ವು. ಹಿಂದುಗಡೆ ದಾರದ ಗುರುತು ಇನ್ನೂ ಇದೆ. ಅದರಲ್ಲೊಂದರ ಮೇಲೆ "ಶಾಫಾನನ ಮಗ ಗೆಮರ್ಯಾಹುಗೆ ಸೇರಿದ್ದು" ಅಂತ ಬರೆದಿದೆ. ಯೆರೆಮೀಯ 36:10ರಲ್ಲಿ ಯೆರೆಮೀಯನ ಬರಹಗಾರ ಬಾರೂಕ ಸುರುಳಿ ಓದಿದ್ದು ಲೇಖಕ ಶಾಫಾನನ ಮಗ ಗೆಮರ್ಯನ ಕೋಣೆಲೇ. ಅಪ್ಪನಿಗೆ ಬಂಡೆ ಸಂದಿಯ ಪ್ರಾಣಿ ಹೆಸರು, ಮಗನಿಗೆ ಯಾಹು ಪೂರ್ಣಗೊಳಿಸಿದ ಅನ್ನೋ ಹೆಸರು. ಒಂದೇ ತಲೆಮಾರಲ್ಲಿ ಫ್ಯಾಷನ್ ಬದಲಾಯ್ತಾ ಅಂತ ಇದೊಂದರಿಂದ ಹೇಳೋಕಾಗಲ್ಲ, ಆದ್ರೆ ಆ ಕಾಲದ ದಕ್ಷಿಣದ ಯೆಹೂದ ರಾಜ್ಯದ ಮುದ್ರೆಗಳಲ್ಲಿ ಎಲ್ಲಿ ನೋಡಿದ್ರೂ ಯಾಹು ಯಾಹು ಯಾಹು. ಉತ್ತರದ ಇಸ್ರಾಯೇಲ್ ರಾಜ್ಯದವರು ಅದನ್ನೇ ಚಿಕ್ಕದಾಗಿ ಯವ್ ಅಂತ ಬರೀತಿದ್ರು, 1910ರಲ್ಲಿ ಅವರ ರಾಜಧಾನಿ ಸಮಾರ್ಯದಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲೆ ಹಾಗೇ ಇದೆ. ಅಂದ್ರೆ ಹೆಸರಿನ ಬಾಲ ನೋಡಿ ಇವನು ಉತ್ತರದೋನಾ ದಕ್ಷಿಣದೋನಾ ಅಂತ ಊಹೆ ಮಾಡಬಹುದು.

ಅದೇ ಸಮಾರ್ಯದ ಚೂರುಗಳಲ್ಲಿ ಬಾಳ್ ಅಂತ ಬರೋ ಹೆಸರುಗಳೂ ಇವೆ. ಇದು ನಿಮ್ಮ ಪಟ್ಟಿಲಿ ಸುಳಿವೇ ಇಲ್ಲದ ವಿಷಯ, ನನ್ನ ಪ್ರಕಾರ ಬೈಬಲ್ ಹೆಸರುಗಳಲ್ಲಿ ಅತಿ ದೊಡ್ಡ ಕಥೆ ಇದೇ. ಬಾಳ್ ಅಂದ್ರೆ ಕಾನಾನ್ಯರ ದೇವರು ಅಂತ ಎಲ್ರಿಗೂ ಗೊತ್ತು. ಆದ್ರೆ ಆ ಪದಕ್ಕೆ ಅರ್ಥ ಯಜಮಾನ. ನಾವು ಕನ್ನಡದಲ್ಲಿ ಯಜಮಾನ್ರು ಅಂದ್ರೆ ಒಡೆಯನೂ ಹೌದು ಗಂಡನೂ ಹೌದು ಅಲ್ವಾ, ಹೀಬ್ರೂ ಬಾಆಲ್ ಕೂಡ ಹೆಚ್ಚು ಕಡಿಮೆ ಹಾಗೇ. ಅದಕ್ಕೇ ಹೋಶೇಯ 2:16ರಲ್ಲಿ ದೇವರು, ಇನ್ನು ಮೇಲೆ ನನ್ನನ್ನ ಬಾಳೀ ಅನ್ಬೇಡ, ಈಷೀ ಅನ್ನು ಅಂತ ಹೇಳೋದು. ಯಜಮಾನ ಅನ್ಬೇಡ, ನನ್ನವನೇ ಅನ್ನು, ಅನ್ನೋ ಧಾಟಿ. ಶುರುಲಿ ಯೆಹೋವನನ್ನೇ ಬಾಳ್ ಅಂತ ಕರೆಯೋದ್ರಲ್ಲಿ ಯಾರಿಗೂ ತಪ್ಪು ಕಂಡಿರ್ಲಿಲ್ಲ ಅಂತ ಕಾಣುತ್ತೆ. ದಾವೀದನ ಜೊತೆ ಸೇರಿದ ವೀರರಲ್ಲಿ ಒಬ್ಬನ ಹೆಸರು ಬೆಯಲ್ಯ (1 ಪೂರ್ವಕಾಲವೃತ್ತಾಂತ 12:5), ಯಾಹುವೇ ಯಜಮಾನ ಅಂತ!

ಸೌಲನ ಮಗನ ಹೆಸರು ಪೂರ್ವಕಾಲವೃತ್ತಾಂತದಲ್ಲಿ ಎಷ್ಬಾಳ. ಅದೇ ಮನುಷ್ಯ 2 ಸಮುವೇಲದಲ್ಲಿ ಈಷ್ಬೋಶೆತ. ಬೋಶೆತ್ ಅಂದ್ರೆ ನಾಚಿಕೆ. ಯೋನಾತಾನನ ಮಗ ಒಂದು ಕಡೆ ಮೆರೀಬ್ಬಾಳ, ಇನ್ನೊಂದು ಕಡೆ ಮೆಫೀಬೋಶೆತ. ಗಿದ್ಯೋನನ ಇನ್ನೊಂದು ಹೆಸರು ಯೆರುಬ್ಬಾಳ, ಅದನ್ನ 2 ಸಮುವೇಲ 11:21ರಲ್ಲಿ ಯೆರುಬ್ಬೆಶೆತ ಅಂತ ಮಾಡಿದ್ದಾರೆ. ದಾವೀದನ ಮಗನೊಬ್ಬ ಒಂದು ಪಟ್ಟಿಲಿ ಬೆಯೆಲ್ಯಾದ, ಇನ್ನೊಂದು ಪಟ್ಟಿಲಿ ಎಲ್ಯಾದ. ಬಾಳ್ ಅನ್ನೋದು ಅಸಹ್ಯ ಆದ ಮೇಲೆ ಬಂದ ಬರವಣಿಗೆಗಾರರಿಗೆ ಆ ಪದ ಬಾಯಲ್ಲಿ ಹೇಳೋಕೂ ಮನಸ್ಸಿಲ್ಲ, ಅದಕ್ಕೆ ಅದನ್ನ ಹೊಡೆದು ಹಾಕಿ "ನಾಚಿಕೆ" ಅಂತ ತಿದ್ದಿದ್ದಾರೆ ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರೆ. ತಮಾಷೆ ಅಂದ್ರೆ ಪೂರ್ವಕಾಲವೃತ್ತಾಂತ ಬರೆದವನು ಎಷ್ಟೋ ತಡವಾಗಿ ಬಂದವನು, ಹಳೇ ಹೆಸರು ಉಳಿದಿರೋದು ಅವನ ಪುಸ್ತಕದಲ್ಲೇ. ಈಗ ನಿಮ್ಮ ಬಾಕ್ಸಲ್ಲಿ ಈಷ್ಬೋಶೆತ – ನಾಚಿಕೆಯ ಮನುಷ್ಯ ಅಂತ ಹಾಕಿದ್ರೆ ಏನಾಗುತ್ತೆ? ಅಪ್ಪ ಇಟ್ಟ ಹೆಸರಿಗಲ್ಲ, ಶತಮಾನಗಳಾದ ಮೇಲೆ ಯಾರೋ ಪೆನ್ನು ಹಿಡಿದೋನು ತಿದ್ದಿದ್ದಕ್ಕೆ ಅರ್ಥ ಬರೆದಂಗಾಗುತ್ತೆ. ಎಷ್ಬಾಳ ಅನ್ನೋ ಹೆಸರು ಆ ಕಾಲದಲ್ಲಿ ನಿಜಕ್ಕೂ ಇತ್ತಾ ಅಂತ ಅನುಮಾನ ಇರೋರಿಗೆ, 2012ರಲ್ಲಿ ಖಿರ್ಬೆತ್ ಕೆಯಾಫಾ ಅನ್ನೋ ಜಾಗದಲ್ಲಿ ಸಿಕ್ಕ ಒಂದು ಜಾಡಿ ಇದೆ, ಸುಮಾರು 3000 ವರ್ಷ ಹಳೇದು. ಚೂರು ಚೂರು ಜೋಡಿಸಿ ನೋಡಿದ್ರೆ ಅದರ ಮೈ ಮೇಲೆ ಎಷ್ಬಾಳ್ ಅಂತ ಇದೆ, 2015ರಲ್ಲಿ ಪ್ರಕಟ ಮಾಡಿದ್ರು. ಸೌಲನ ಮಗ ಅಲ್ಲ, ಇನ್ಯಾರೋ ಬೆದ ಅನ್ನೋನ ಮಗ. ಜಾಡಿ ಸುಡೋಕೆ ಮುಂಚೆ ಹಸಿ ಮಣ್ಣಲ್ಲೇ ಗೀಚಿದ್ದು, ಅಂದ್ರೆ ನಾಚಿಕೆ ಗೀಚಿಕೆ ಏನೂ ಇಲ್ದೆ ಎಲ್ರಿಗೂ ಕಾಣೋ ತರ.

ಹೆಸರನ್ನ ತಿದ್ದೋದು ಬರೀ ಲಿಪಿಕಾರರ ಕೆಲಸ ಅಲ್ಲ, ಅರಸರೂ ಮಾಡ್ತಿದ್ರು. ಫರೋಹ ನೆಕೋ ಯೆಹೂದದಲ್ಲಿ ತನ್ನ ಕೈಗೊಂಬೆನ ಕೂರಿಸಿದಾಗ ಎಲ್ಯಾಕೀಮನನ್ನ ಯೆಹೋಯಾಕೀಮ ಮಾಡ್ದ. ದೇವರು ಎಬ್ಬಿಸ್ತಾನೆ ಅನ್ನೋದೇ ಅರ್ಥ, ಏಲ್ ಹೋಗಿ ಯೆಹೋ ಬಂತು ಅಷ್ಟೇ. ಅರ್ಥ ಬದಲಾಗ್ಲಿಲ್ಲ, ನಿನ್ನ ಹೆಸರೂ ನನ್ನ ಕೈಲಿದೆ ಅನ್ನೋದು ಬದಲಾಯ್ತು. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರ ಮತ್ತನ್ಯನನ್ನ ಚಿದ್ಕೀಯ ಮಾಡಿದ್ದೂ ಹಾಗೇ. ಬಾಬಿಲೋನಿಗೆ ಸೆರೆ ಹೋದವರ ಕಡೆ ನೋಡಿದ್ರೆ ಇನ್ನೂ ಬೇರೆ. ದಾನಿಯೇಲನ ಗೆಳೆಯ ಅಜರ್ಯನ ಹೆಸರಲ್ಲಿ ಯೆಹೋವ ಇದ್ದ, ಅದನ್ನ ತೆಗ್ದು ಅಬೇದ್‌ನೆಗೋ ಅಂತ ಇಟ್ರು, ಬಾಬಿಲೋನಿನ ನೆಬೋ ದೇವರ ದಾಸ ಅನ್ನೋದನ್ನ ಬೇಕಂತಲೇ ಸ್ವಲ್ಪ ಕೆಡಿಸಿ ಬರೆದಿದ್ದು ಅಂತ ಅಭಿಪ್ರಾಯ ಇದೆ. ದೇವಾಲಯ ಮತ್ತೆ ಕಟ್ಟಿಸಿದ ಜೆರುಬ್ಬಾಬೆಲ ಅಂದ್ರೆ ಬಾಬಿಲೋನಿನ ಬೀಜ. ಎಸ್ತೇರಳ ಕಥೆಯ ಯೆಹೂದಿ ಮೊರ್ದೆಕೈ ಅನ್ನೋನ ಹೆಸರಲ್ಲಿರೋದು ಬಾಬಿಲೋನಿನ ಮಾರ್ದೂಕ್ ದೇವರು. ಹೆಸರಿಗೆ ಒಂದೇ ಒಂದು ಪವಿತ್ರ ಅರ್ಥ ಇದೆ ಅನ್ನೋರು ಈ ಮೊರ್ದೆಕೈಗೆ ಏನು ಬರೀತಾರೋ ನೋಡ್ಬೇಕು.

ಹೇಬೆಲನ ವಿಷಯ ಬಾಕಿ ಇತ್ತು. ಆದಾಮ ಅಂದ್ರೆ ಅದಾಮಾದಿಂದ, ಮಣ್ಣಿನವನು ಅಂತ ಪುಸ್ತಕವೇ ಸುಳಿವು ಕೊಡುತ್ತೆ. ಅವನ ಮೊದಲ ಮಗ ಕಾಯಿನನಿಗೂ ತಾಯಿ ಹವ್ವಳ ವಿವರಣೆ ಇದೆ. ತಮ್ಮ ಹೇಬೆಲನಿಗೆ ಯಾರೂ ಏನೂ ಹೇಳಲ್ಲ, ಹುಟ್ದ, ಕುರಿ ಮೇಯಿಸ್ದ, ಅಣ್ಣನ ಕೈಲಿ ಸತ್ತ. ಆದ್ರೆ ಹೀಬ್ರೂ ಬಲ್ಲೋನಿಗೆ ಹೇಳ್ಬೇಕಾಗೂ ಇಲ್ಲ, ಹೆವೆಲ್ ಅಂದ್ರೆ ಹಬೆ, ಬಾಯಿಂದ ಬಂದು ಕರಗಿ ಹೋಗೋ ಉಸಿರು. (ಹೆವೆಲ್, ಹಬೆ, ಸದ್ದು ಹತ್ರ ಇದೆ ಅಂತ ಸಂಬಂಧ ಕಟ್ಟೋಕೆ ಹೋಗ್ಬೇಡಿ, ಅಂಥ ಲೇಖನಗಳು ಈಗಾಗ್ಲೇ ಸಾಕಷ್ಟಿವೆ.) ಪ್ರಸಂಗಿ ಪುಸ್ತಕದ ಶುರುಲಿ ವ್ಯರ್ಥವೇ ವ್ಯರ್ಥ ಅಂತ ಬರೋದೂ ಇದೇ ಪದ. ಇಂಥ ಹೆಸರು ಹುಟ್ಟುವಾಗ ಇಟ್ಟಿದ್ದಾ ಅಥ್ವಾ ಕಥೆ ಹೇಳೋನು ಸಾವು ಗೊತ್ತಿದ್ದೇ ಇಟ್ಟಿದ್ದಾ? ರೂತಳ ಪುಸ್ತಕದಲ್ಲೂ ಹಾಗೇ, ನೊವೊಮಿಯ ಇಬ್ರು ಗಂಡು ಮಕ್ಕಳು ಮಹ್ಲೋನ ಮತ್ತು ಕಿಲ್ಯೋನ, ಒಬ್ಬನ ಹೆಸರಲ್ಲಿ ಕಾಯಿಲೆ ಕೇಳ್ಸುತ್ತೆ ಇನ್ನೊಬ್ಬನದ್ರಲ್ಲಿ ಮುಗಿದುಹೋಗೋದು, ಐದನೇ ವಚನಕ್ಕೆ ಇಬ್ರೂ ಇಲ್ಲ. ನಾಬಾಲನ ಹೆಂಡ್ತಿ ಅಬೀಗೈಲ್ ಅಂತೂ ದಾವೀದನ ಮುಂದೆ ನಿಂತು ಸೀದಾ ಹೇಳ್ತಾಳೆ, ಹೆಸರಿಗೆ ತಕ್ಕ ಹಾಗೇ ಮೂರ್ಖ ಅವನು ಅಂತ. ಕಟ್ಕೊಂಡೋಳೇ ಹೇಳಿದ ಮೇಲೆ ನಿಘಂಟು ಯಾಕೆ.

ಯೇಸು ಹೆಸರಿನ ಬಗ್ಗೆ ನಿಮ್ಮ ಬಾಕ್ಸಲ್ಲಿ ಇದ್ದಿದ್ದು ಸರಿಯಾಗಿದೆ, ಆದ್ರೆ ಅರ್ಧ. ಮೋಶೆ ತನ್ನ ಸಹಾಯಕ ಹೋಶೇಯನ ಹೆಸರಿಗೆ ಯೆಹೋ ಸೇರಿಸಿ ಯೆಹೋಶುವ, ಅಂದ್ರೆ ಯೆಹೋವನೇ ರಕ್ಷಣೆ, ಅಂತ ಮಾಡ್ದ (ಅರಣ್ಯಕಾಂಡ 13:16), ಸೆರೆಯಿಂದ ವಾಪಸ್ ಬಂದ ಕಾಲಕ್ಕೆ ಅದು ಯೇಷೂವ ಅಂತ ಚಿಕ್ಕದಾಯ್ತು, ಗ್ರೀಕಲ್ಲಿ ಯೇಸೂಸ್, ನಮ್ಮಲ್ಲಿ ಯೇಸು. ಅಂದ್ರೆ ಕಾನಾನ್ ದೇಶಕ್ಕೆ ಜನರನ್ನ ನುಗ್ಗಿಸಿದ ಯೆಹೋಶುವ ಮತ್ತು ಯೇಸು, ಇಬ್ಬರದ್ದೂ ಒಂದೇ ಹೆಸರು. ಮತ್ತಾಯ 1:21ರಲ್ಲಿ ಅವನಿಗೆ ಯೇಸು ಅಂತ ಹೆಸರಿಡು, ಯಾಕಂದ್ರೆ ಅವನು ರಕ್ಷಿಸ್ತಾನೆ ಅಂತ ಇದ್ಯಲ್ಲ, ಗ್ರೀಕಲ್ಲಿ ಬರೆದ ಆ ಮಾತಿನ "ಯಾಕಂದ್ರೆ" ಅರ್ಥ ಆಗ್ಬೇಕಾದ್ರೆ ಹೀಬ್ರೂ ಕಿವಿ ಬೇಕು. ಇನ್ನೊಂದು ವಿಷ್ಯದಲ್ಲಿ ಕನ್ನಡ ಅನುವಾದಕರಿಗೆ ಶಹಬ್ಬಾಸ್ ಹೇಳ್ಬೇಕು, ಇಂಗ್ಲಿಷಿನವರು ಹಳೇ ಒಡಂಬಡಿಕೆಲಿ ಜೇಕಬ್, ಹೊಸದ್ರಲ್ಲಿ ಜೇಮ್ಸ್ ಅಂತ ಮಾಡಿ ಹೆಸರನ್ನ ಎರಡು ಹೋಳು ಮಾಡಿದ್ರೆ ನಮ್ಮವರು ಎರಡೂ ಕಡೆ ಯಾಕೋಬ ಅಂತಲೇ ಬಿಟ್ರು.

ಆ ಬಾಕ್ಸನ್ನ ಮತ್ತೆ ಹಾಕೋದಾದ್ರೆ ಇಪ್ಪತ್ತು ಹೆಸರು ಬೇಡ, ಎರಡು ಸಾಕು, ಪೂರ್ತಿ ಹಾಕಿ. ಯಾಯೇಲಳದ್ದು ಮಾತ್ರ ಮುಂದಿನ ವಾರನೇ ತಿದ್ದಿ, ಕಾಡುಮೇಕೆ ಅಂತ.

ನನ್ನ ಹೆಸರು ಛಾಪಿಸ್ಬೇಡಿ. ರೂತಳ ಪುಸ್ತಕದ 4ನೇ ಅಧ್ಯಾಯದಲ್ಲಿ ಒಬ್ಬ ಹತ್ತಿರದ ಬಂಧು ಬರ್ತಾನೆ, ಸತ್ತವನ ಹೆಸರು ಉಳಿಸೋ ಜವಾಬ್ದಾರಿ ಮೊದ್ಲು ಅವನದ್ದೇ, ನನ್ನ ಆಸ್ತಿಗೆ ನಷ್ಟ ಆಗುತ್ತೆ ಅಂತ ನುಣುಚ್ಕೋತಾನೆ. ಅವನನ್ನ ಬೋವಜ ಊರ ಬಾಗಿಲಲ್ಲಿ ಕೂಗಿ ಕರೆಯೋವಾಗ ಹೀಬ್ರೂಲಿ ಹೆಸರಿನ ಜಾಗದಲ್ಲಿರೋದು "ಪೆಲೋನಿ ಅಲ್ಮೋನಿ". ಇಂಥವನೇ, ಅಂಥವನೇ, ಬಾರಯ್ಯ ಇಲ್ಲಿ ಕೂತ್ಕೋ ಅಂದಂಗೆ. ಇನ್ನೊಬ್ಬನ ಹೆಸರು ಉಳಿಸಲ್ಲ ಅಂದೋನ ಹೆಸರನ್ನ ಬರೆದವನೂ ಉಳಿಸ್ಲಿಲ್ಲ. ನಂದು ಅಷ್ಟು ದೊಡ್ಡ ತಪ್ಪೇನಲ್ಲ, ಆಫೀಸಲ್ಲಿ ಕೆಲಸ ಬಿಟ್ಟು ಇದನ್ನ ಬರೀತಾ ಕೂತಿದ್ದೆ ಅಂತ ಗೊತ್ತಾಗೋದು ಬೇಡ, ಅಷ್ಟೇ.

ಇಂತಿ,
ನಿಮ್ಮ ಓದುಗ, ಪೆಲೋನಿ ಅಲ್ಮೋನಿ